ಹೆಟ್ಟಿ ನೋಡಿದ ನೋಟ

ಹೆಟ್ಟಿ ಬಾಟಿಂಗ್ ಸಿನಿಮಾಕ್ಕೆ ಬಂದದ್ದು ಚೆಲುವಿನಿಂದಲ್ಲ. ಅವಳಿಗೆ ಈಜು ಬರುತ್ತಿತ್ತು, ಅದಕ್ಕೆ.

ಇಂಗ್ಲೆಂಡಿನ ಶೋರಂ ಊರಿನ ಕಡಲದಂಡೆಯಲ್ಲಿ ಅವಳಪ್ಪ ಚಿಪ್ಪುಮೀನು ಬೇಯಿಸಿ, ವಿನೆಗರ್ ಚಿಮುಕಿಸಿ ಮಾರುತ್ತಿದ್ದ. ಅದೇ ದಂಡೆಯ ಉರುಟು ಕಲ್ಲುಗಳ ಮೇಲೆ ಗಾರ್ಸ್ಟಿನ್ ಎಂಬವರು ದೊಡ್ಡದೊಂದು ಗಾಜಿನ ಮನೆ ಕಟ್ಟಿಸಿ, ಅದರೊಳಗೆ ಚಿತ್ರ ತೆಗೆಯುತ್ತಿದ್ದರು. ನಮಗೆ ಸೂರ್ಯನೇ ದೀಪ. ಮೋಡ ಬಂದರೆ ರಾಜನೂ ಕಳ್ಳನೂ ಪಾದ್ರಿಯೂ ವೇಷದಲ್ಲೇ ಸಾಲಾಗಿ ಕೂತು ಚಹಾ ಕುಡಿಯುತ್ತಿದ್ದರು. ನಾನು ಅಲ್ಲಿ ಉಡುಪುಗಳನ್ನು ನೋಡಿಕೊಳ್ಳುತ್ತಿದ್ದೆ. ನನ್ನ ತಮ್ಮ ಆಮೋಸ್ ಕ್ಯಾಮೆರಾದ ಹಿಡಿ ತಿರುಗಿಸುತ್ತಿದ್ದ. ಆ ಕ್ಯಾಮೆರಾಕ್ಕೆ ನಾವೆಲ್ಲ ಪೆಟ್ಟಿಗೆ ಎಂದೇ ಹೇಳುತ್ತಿದ್ದೆವು.

ಒಂದು ಬೇಸಗೆಯ ದಿನ, ಲಂಡನ್ನಿನಿಂದ ಕರೆಸಿದ್ದ ನಾಯಕಿ ದೋಣಿಯಿಂದ ನೀರಿಗೆ ಹಾರುವುದಿಲ್ಲ ಎಂದು ಹಟ ಹಿಡಿದು ಕೂತಳು. ಬಿಸಿಲು ಇಳಿಯುತ್ತಿತ್ತು. ಗಾರ್ಸ್ಟಿನ್ ಅವರ ಕಿವಿಗಳು ಕೆಂಪಾಗತೊಡಗಿದ್ದವು. ಆಗ ತಮಾಷೆ ನೋಡಲು ನಿಂತಿದ್ದ ಗುಂಪಿನೊಳಗಿಂದ ಒಬ್ಬ ಹುಡುಗಿ ಮುಂದೆ ಬಂದಳು.

'ಇಷ್ಟಕ್ಕೆ ಇಷ್ಟು ರಂಪಾನಾ? ಆ ಟೋಪಿ ಇತ್ತ ಕೊಡಿ, ನಾನು ಹಾರ್ತೀನಿ.'

ನಾಯಕಿಯ ಅಂಗಿಯನ್ನು ಅವಳಿಗೆ ತೊಡಿಸಿದವಳು ನಾನೇ. ಬೆನ್ನಿನ ಗುಂಡಿಗಳು ಸೇರಲೇ ಇಲ್ಲ. ದೋಣಿ ಎಳೆದು ಎಳೆದು ಅವಳ ಭುಜ ಅಗಲವಾಗಿತ್ತು. ಕೊನೆಗೆ ಪಿನ್ನು ಚುಚ್ಚಿ ಕಳಿಸಿದೆ. ಅವಳು ಹಾರಿದಳು, ಈಜಿದಳು, ದಡಕ್ಕೆ ಬಂದು ಕೂದಲು ಹಿಂಡಿಕೊಳ್ಳುತ್ತ ನೇರ ಪೆಟ್ಟಿಗೆಯ ಕಡೆ ನೋಡಿ ನಕ್ಕಳು. ಗಾರ್ಸ್ಟಿನ್ ತಲೆ ಚಚ್ಚಿಕೊಂಡರು. ಪೆಟ್ಟಿಗೆಯನ್ನು ನೋಡಬಾರದು ಎಂಬುದು ಅಲ್ಲಿನ ಮೊದಲ ಪಾಠ. ನೋಡಿದರೆ ಕತೆ ಸುಳ್ಳೆಂದು ಪ್ರೇಕ್ಷಕನಿಗೆ ಗೊತ್ತಾಗಿಬಿಡುತ್ತದೆ. ಆದರೂ ಮರುದಿನವೇ ಅವಳಿಗೆ ಹೇಳಿಕಳಿಸಿದರು.

ಆಮೇಲಿನ ಎರಡು ಮೂರು ಬೇಸಗೆಗಳಲ್ಲಿ ಹೆಟ್ಟಿ ಏನೇನು ಮಾಡಲಿಲ್ಲ! ಉರಿಯುವ ಹುಲ್ಲಿನ ಮೆದೆಯಿಂದ ಜಾರಿದಳು, ಕುದುರೆಯ ಬೆನ್ನಿಗೆ ಕಟ್ಟಿಸಿಕೊಂಡಳು, ಹಿಟ್ಟಿನ ಪೀಪಾಯಿಗೆ ಬಿದ್ದಳು. ಕಡಲಗಾಳಿಗೆ ಕೆಂಪಾಗಿದ್ದ ಅವಳ ಕೆನ್ನೆಗಳು ಚಿತ್ರದಲ್ಲಿ ಕಪ್ಪಗೆ ಬರುತ್ತಿದ್ದವು. ಅದಕ್ಕೆ ನಾನು ದಿನಾ ಬೆಳಿಗ್ಗೆ ಅವಳ ಮುಖಕ್ಕೆ ಹಳದಿ ಬಣ್ಣ ಬಳಿಯುತ್ತಿದ್ದೆ. ಬಳಿಯುವಾಗ ಅವಳು ಸುಮ್ಮನೆ ಕೂತವಳಲ್ಲ. ಆಮೋಸ್ ಬೆಳಿಗ್ಗೆ ಏನು ತಿಂದ, ಆಮೋಸ್ ಚಿಕ್ಕವನಿದ್ದಾಗ ಹೇಗಿದ್ದ, ಆಮೋಸನಿಗೆ ನಾಯಿ ಇಷ್ಟವೋ ಬೆಕ್ಕು ಇಷ್ಟವೋ. ಕೇಳಿ ಕೇಳಿ ಒಂದು ದಿನ, ನೀನೇ ಹೋಗಿ ಅವನನ್ನು ಕೇಳಬಾರದೇ ಎಂದೆ. ಹಳದಿ ಬಣ್ಣದ ಕೆಳಗೂ ಅವಳು ಕೆಂಪಾದದ್ದು ಕಾಣಿಸಿತು.

ಪೆಟ್ಟಿಗೆಯೊಳಗೆ ಇಣುಕಿದರೆ ಎದುರಿಗಿರುವವರು ತಲೆಕೆಳಗಾಗಿ ಕಾಣುತ್ತಾರೆ. ನೀನು ತಲೆಕೆಳಗಾಗಿದ್ದರೇ ಚೆಂದ ಎಂದು ಆಮೋಸ್ ಅವಳನ್ನು ರೇಗಿಸುತ್ತಿದ್ದ. ಕೆಲಸ ಮುಗಿದ ಮೇಲೆ ಇಬ್ಬರೂ ಅವಳಪ್ಪನ ಗಾಡಿಯ ಹತ್ತಿರ ನಿಂತು ಚಿಪ್ಪುಮೀನು ತಿನ್ನುತ್ತಿದ್ದರು. ಕೈ ಹಿಡಿದದ್ದನ್ನು ನಾನು ಕಂಡಿಲ್ಲ. ನಮ್ಮ ಕಡೆಯವರು ಹಾಗೆಯೇ, ಹೇಳಬೇಕಾದ್ದನ್ನು ಹವಾಮಾನದ ಮಾತಿನೊಳಗೆ ಸುತ್ತಿ ಇಡುತ್ತೇವೆ.

ಅವಳಿಗೆ ಹೆಸರು ತಂದ ಚಿತ್ರ ಜರ್ಮನಿಯ ಜೊತೆ ಮಹಾಯುದ್ಧ ಶುರುವಾಗುವುದಕ್ಕೆ ಹಿಂದಿನ ವರ್ಷದ್ದು. ದೀಪಸ್ತಂಭದ ಕಾವಲುಗಾರನ ಮಗಳ ಕತೆ. ಕೊನೆಯ ದೃಶ್ಯದಲ್ಲಿ ಅವಳ ನಾವಿಕ ಹಡಗು ಹತ್ತಿ ಹೋಗುತ್ತಾನೆ, ಇವಳು ದಂಡೆಯಲ್ಲಿ ನಿಂತು ನೋಡುತ್ತಾಳೆ. ಅಷ್ಟೇ. ಗಾರ್ಸ್ಟಿನ್ ಒಂದು ಬಿಳಿ ಬಟ್ಟೆಯನ್ನು ಕೋಲಿಗೆ ಕಟ್ಟಿ, ಅದೇ ಹಡಗು, ಅದನ್ನೇ ನೋಡು ಎಂದರು. ಅವಳು ಅದನ್ನೇ ನೋಡುತ್ತಾ ನೋಡುತ್ತಾ, ಕೊನೆಗೆ ಕಣ್ಣನ್ನು ಮೆಲ್ಲಗೆ ತಿರುಗಿಸಿ ಪೆಟ್ಟಿಗೆಯ ಕಡೆ ನೋಡಿಬಿಟ್ಟಳು. ಒಂದು ಸಲ, ಇನ್ನೊಂದು ಸಲ, ಮತ್ತೂ ಒಂದು ಸಲ.

'ಏ ಹುಡುಗಿ, ಮತ್ತೆ ನೋಡಿದೆ,' ಎಂದರು ಗಾರ್ಸ್ಟಿನ್. 'ಪೆಟ್ಟಿಗೇಲಿ ಏನಿದೆ ಅಂತ? ನಿಮ್ಮಪ್ಪ ಒಳಗೆ ಕೂತು ಮೀನು ಮಾರ್ತಿದಾನಾ?'

ಎಲ್ಲರೂ ನಕ್ಕರು. ಆಮೋಸ್ ನಗಲಿಲ್ಲ. ಹಿಡಿಯ ಮೇಲಿನ ಕೈ ತೆಗೆಯದೆ ಹೇಳಿದ:

'ಅವಳು ಪೆಟ್ಟಿಗೆ ನೋಡ್ತಿಲ್ಲ ಸರ್. ನನ್ನನ್ನ ನೋಡ್ತಿದಾಳೆ.'

ಬೆಳಕು ಹೋಗಿತ್ತು, ಮತ್ತೆ ತೆಗೆಯುವಂತಿರಲಿಲ್ಲ. ಗಾರ್ಸ್ಟಿನ್ ಗೊಣಗುತ್ತಲೇ ಆ ತಪ್ಪನ್ನೇ ಚಿತ್ರದಲ್ಲಿ ಉಳಿಸಿಕೊಂಡರು.

ಬ್ರೈಟನ್ನಿನ ಚಿತ್ರಮಂದಿರದಲ್ಲಿ ನಾನು ಅದನ್ನು ನೋಡಿದೆ. ಕಡಲೆ ಬೀಜ ಸುಲಿಯುವ ಸದ್ದು, ಮಕ್ಕಳ ಅಳು, ಪಿಯಾನೋ. ಹೆಟ್ಟಿ ಕಣ್ಣು ತಿರುಗಿಸಿದಳು. ಸದ್ದೆಲ್ಲ ನಿಂತಿತು. ನನ್ನ ಪಕ್ಕದ ಮುದಿ ನಾವಿಕ, ಯಾರೋ ಹೆಸರು ಹಿಡಿದು ಕರೆದಂತೆ, ತಲೆಯ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ. ಆ ಕತ್ತಲಲ್ಲಿದ್ದ ಪ್ರತಿಯೊಬ್ಬ ಗಂಡಸಿಗೂ ಅವಳು ತನ್ನನ್ನೇ ನೋಡಿದಳು ಅನ್ನಿಸಿತು.

ಅವಳಿಗೆ ಕ್ರಿಸ್ಟಬೆಲ್ ಲೋರ್ನ್ ಎಂಬ ಹೊಸ ಹೆಸರು ಬಂತು. ಅಂಗಡಿಗಳಲ್ಲಿ ಅವಳ ಚಿತ್ರದ ಕಾರ್ಡುಗಳು ಬಂದವು. ಅವಳಪ್ಪ ಒಂದು ಕಾರ್ಡನ್ನು ತನ್ನ ಗಾಡಿಗೆ ಅಂಟಿಸಿಕೊಂಡು, ಇವಳು ನನ್ನ ಮಗಳು ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಯಾರೂ ನಂಬುತ್ತಿರಲಿಲ್ಲ.

ಯುದ್ಧದ ಎರಡನೆಯ ವಸಂತದಲ್ಲಿ ಆಮೋಸ್ ಸೈನ್ಯ ಸೇರಿದ. ರೈಲು ನಿಲ್ದಾಣಕ್ಕೆ ನಾನೂ ಹೆಟ್ಟಿಯೂ ಹೋಗಿದ್ದೆವು. ಅವನು ನನ್ನ ಕೆನ್ನೆಗೆ ಮುತ್ತಿಟ್ಟ. ಅವಳ ಎದುರು ನಿಂತು ಟೋಪಿಯನ್ನು ಕೈಯಲ್ಲಿ ತಿರುಗಿಸಿದ. ಬಂದ ಮೇಲೆ ಮಾತಾಡೋಣ ಎಂದ. ಹೂಂ, ಬಂದ ಮೇಲೆ ಎಂದಳು ಅವಳು. ರೈಲು ಹೊರಟ ಮೇಲೆ, ಮಳೆ ಬರುವ ಹಾಗಿದೆ ಎಂದಳು.

ಗಾಳಿ ನಿಂತ ದಿನಗಳಲ್ಲಿ ಕಡಲಾಚೆಯ ಫ್ರಾನ್ಸಿನಿಂದ ತೋಪುಗಳ ಸದ್ದು ನಮ್ಮ ದಂಡೆಯವರೆಗೂ ಬರುತ್ತಿತ್ತು. ಸದ್ದು ಎನ್ನುವುದಕ್ಕಿಂತ ಗಾಜಿನ ಮನೆಯ ಗೋಡೆಗಳು ಮೆಲ್ಲಗೆ ಅದುರುತ್ತಿದ್ದವು. ಹೆಟ್ಟಿ ಮಾತಿನ ನಡುವೆ ನಿಂತು, ಅಂಗೈಯನ್ನು ಗಾಜಿಗೆ ಒತ್ತಿ ಹಿಡಿಯುತ್ತಿದ್ದಳು. ಅದುರುವುದು ನಿಂತ ಮೇಲೆ ಕೈ ತೆಗೆದು ಬಿಟ್ಟ ಮಾತನ್ನು ಮುಂದುವರಿಸುತ್ತಿದ್ದಳು.

ಆಮೋಸ್ ಇನ್ನಿಲ್ಲವೆಂಬ ಸುದ್ದಿ ಬಂದದ್ದು ನನಗೆ. ಅಪ್ಪ ಅಮ್ಮ ಇರಲಿಲ್ಲ, ಅಕ್ಕ ನಾನೇ. ಹೆಟ್ಟಿ ಅವನಿಗೆ ಏನಾಗಬೇಕು ಎಂದು ಯಾವ ಕಚೇರಿಯೂ ಕೇಳಿರಲಿಲ್ಲ, ಅವನೂ ಬರೆಸಿರಲಿಲ್ಲ. ಅಂದು ಅವಳು ಒಂದು ಹಾಸ್ಯದ ಚಿತ್ರದಲ್ಲಿದ್ದಳು. ಬೆಳಕು ಹೋಗುವ ತನಕ ಕಾದು, ಅವಳನ್ನು ಕನ್ನಡಿಯ ಮುಂದೆ ಕೂರಿಸಿ ಬಣ್ಣ ಒರೆಸತೊಡಗಿದೆ. ಅರ್ಧ ಮುಖ ಒರೆಸುವಷ್ಟರಲ್ಲಿ ಅವಳೇ ನನ್ನ ಕೈ ಹಿಡಿದು ನಿಲ್ಲಿಸಿದಳು.

'ಹೇಳಿಬಿಡು ಡಾರ್ಕಸ್.'

ಹೇಳಿದೆ. ಅವಳು ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡು, ಉಳಿದ ಅರ್ಧ ಮುಖವನ್ನು ತಾನೇ ಒರೆಸಿಕೊಂಡಳು. ಆಮೇಲೆ ನನ್ನನ್ನು ತಬ್ಬಿಕೊಂಡಳು. ಅತ್ತವಳು ನಾನು. ವಿಧವೆಯ ಕಪ್ಪು ಉಡುವ ಹಕ್ಕು ಅವಳಿಗೆ ಇರಲಿಲ್ಲ. ಮರುದಿನ ಬಂದು ಮತ್ತೆ ಹಿಟ್ಟಿನ ಪೀಪಾಯಿಗೆ ಬಿದ್ದಳು.

ಯುದ್ಧ ಮುಗಿಯಿತು. ಚಿತ್ರಮಂದಿರಗಳ ತುಂಬ ಅಮೆರಿಕದ ಚಿತ್ರಗಳು ಬಂದವು. ಹೆಟ್ಟಿ ಲಂಡನ್ನಿನ ಕಂಪನಿಗಳಲ್ಲಿ ದುಡಿದಳು. ಹೋದಲ್ಲೆಲ್ಲ ನನ್ನನ್ನೂ ಕರೆದೊಯ್ದಳು. ಈಗ ಅವಳು ಒಂದು ಸಲವೂ ಪೆಟ್ಟಿಗೆಯ ಕಡೆ ನೋಡುತ್ತಿರಲಿಲ್ಲ. ಎಷ್ಟೊಂದು ಪಳಗಿದ್ದಾಳೆ ಎಂದು ನಿರ್ದೇಶಕರು ಮೆಚ್ಚಿಕೊಂಡರು. ಆದರೆ ಜನರಿಗೆ ಏನೋ ಕಡಿಮೆ ಅನ್ನಿಸಿತು. ಅವಳ ಹೆಸರು ಗೋಡೆಯ ಮೇಲಿನ ಹಾಳೆಗಳಲ್ಲಿ ವರ್ಷದಿಂದ ವರ್ಷಕ್ಕೆ ಕೆಳಕ್ಕೆ ಇಳಿಯಿತು, ಅಕ್ಷರ ಸಣ್ಣದಾಯಿತು.

ಆಗ ಗಾರ್ಸ್ಟಿನ್ ಹುಡುಕಿಕೊಂಡು ಬಂದರು. ವಯಸ್ಸಾಗಿತ್ತು, ಕೋಲು ಹಿಡಿದಿದ್ದರು. ದೀಪಸ್ತಂಭದ ಕತೆಯನ್ನೇ ಹೊಸದಾಗಿ, ದೊಡ್ಡದಾಗಿ ತೆಗೆಯಬೇಕು, ಕೊನೆಯ ನೋಟ ಅದೇ ಬೇಕು, ಅದಕ್ಕೆ ನೀನೇ ಬೇಕು ಎಂದರು. ಹೆಟ್ಟಿ ಬಹಳ ಯೋಚಿಸಿ ಒಪ್ಪಿದಳು.

ಶೋರಂನ ದಂಡೆಯಲ್ಲೇ ಕೊನೆಯ ದೃಶ್ಯಕ್ಕೆ ಏರ್ಪಾಡಾಯಿತು. ಕ್ಯಾಮೆರಾದವನು ಹೊಸಬ, ಒಳ್ಳೆಯ ಮನುಷ್ಯ. ಈ ಸಲ ಗಾರ್ಸ್ಟಿನ್, ಪೆಟ್ಟಿಗೆಯನ್ನೇ ನೋಡು, ದಯವಿಟ್ಟು ನೋಡು ಎಂದು ಬೇಡಿಕೊಂಡರು. ಅವಳು ನೋಡಿದಳು. ಗೋಡೆ ನೋಡಿದ ಹಾಗಿತ್ತು. ಮತ್ತೆ ನೋಡಿದಳು. ಗಾರ್ಸ್ಟಿನ್ ಬೈಯಲೂ ಇಲ್ಲ, ಕೋಲಿನ ಮೇಲೆ ಗಲ್ಲ ಊರಿ ಕೂತರು. ಹೆಟ್ಟಿ ನನ್ನ ಹತ್ತಿರ ಬಂದಳು. ತುಂಬ ಹೊತ್ತು ನನ್ನ ಮುಖ ನೋಡಿದಳು.

ನಾನೂ ಆಮೋಸನೂ ಒಂದೇ ಅಚ್ಚು. ಅದೇ ಎತ್ತರ, ಅದೇ ಉದ್ದ ಗಲ್ಲ. ಚಿಕ್ಕಂದಿನಲ್ಲಿ ಬೀದಿಯ ಮಕ್ಕಳು ನನ್ನನ್ನು ಇನ್ನೊಬ್ಬ ಆಮೋಸ್ ಎಂದು ಅಣಕಿಸಿದ್ದುಂಟು.

'ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ,' ಎಂದಳು. 'ಅವನ ಕೋಟು ಇನ್ನೂ ನಿನ್ನ ಹತ್ರ ಇದೆಯಲ್ಲ. ಅದನ್ನ ಹಾಕ್ಕೊಂಡು ಅಲ್ಲಿ ಹೋಗಿ ನಿಂತ್ಕೋತೀಯಾ?'

ನಮ್ಮ ಮನೆ ದಂಡೆಯ ಮೇಲೆಯೇ ಇತ್ತು, ಹಳೆಯ ರೈಲು ಡಬ್ಬಿಯೊಂದನ್ನು ಮನೆ ಮಾಡಿಕೊಂಡದ್ದು. ಹೋಗಿ ಕೋಟು ಹಾಕಿಕೊಂಡೆ. ಕೂದಲನ್ನು ಟೋಪಿಯೊಳಗೆ ತುರುಕಿದೆ. ನಾನು ಬಂದಾಗ ನಗಬಹುದಿತ್ತು, ಒಬ್ಬರೂ ನಗಲಿಲ್ಲ. ಕ್ಯಾಮೆರಾದವನು ಹಿಡಿ ಬಿಡದೆಯೇ ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿದ. ನಾನು ಪೆಟ್ಟಿಗೆಯ ಹಿಂದೆ ನಿಂತೆ.

ಹೆಟ್ಟಿ ಕಡಲನ್ನು ನೋಡುತ್ತಿದ್ದಳು. ಆಮೇಲೆ ಕಣ್ಣು ತಿರುಗಿಸಿದಳು.

ಅದನ್ನು ಹೇಗೆ ಹೇಳಲಿ? ನನ್ನ ಜನ್ಮದಲ್ಲಿ ಯಾರೂ ನನ್ನನ್ನು ಹಾಗೆ ನೋಡಿಲ್ಲ. ಆ ನೋಟದಲ್ಲಿ ದೂರಿರಲಿಲ್ಲ, ಅಳುವಿರಲಿಲ್ಲ. ಬಾಗಿಲಲ್ಲಿ ನಿಂತವನನ್ನು ಒಳಗೆ ಬಾ ಎಂದು ಕರೆಯುವ ಹಾಗಿತ್ತು, ಅವನು ಬರಲಾರ ಎಂದೂ ಗೊತ್ತಿತ್ತು. ನನ್ನ ತಮ್ಮ ಇಂಥದ್ದನ್ನು ದಿನಾ ಎದುರಿಸಿ ನಿಂತು, ಕೈ ನಡುಗದೆ ಹಿಡಿ ತಿರುಗಿಸಿದ್ದನಲ್ಲ! ಅವನು ಎಂಥ ಸುಖಿಯಾಗಿದ್ದ ಎಂದು ನನಗೆ ತಿಳಿದದ್ದು ಆಗ. ಮೊದಲ ಸಲ ಅವನಿಗಾಗಿ ನನಗೆ ಸಂತೋಷವಾಯಿತು. ಮರುಕ್ಷಣವೇ, ಇದು ನನ್ನದಲ್ಲ, ಬೇರೆಯವರ ಪಾಲಿನದನ್ನು ನಾನು ತೆಗೆದುಕೊಂಡು ನಿಂತಿದ್ದೇನೆ ಎಂದು ಮೈ ಕುಗ್ಗಿತು. ಆದರೂ ಕದಲಲಿಲ್ಲ.

ಗಾರ್ಸ್ಟಿನ್ ನಿಲ್ಲಿಸು ಎಂದು ಹೇಳಲೇ ಇಲ್ಲ. ಸುರುಳಿ ಮುಗಿದ ಮೇಲೂ ಕ್ಯಾಮೆರಾದವನು ಬರಿದೇ ತಿರುಗಿಸುತ್ತಿದ್ದ. ಹೆಟ್ಟಿ ತಾನಾಗಿ ಕಲ್ಲುಗಳ ಮೇಲೆ ನಡೆದು ಬಂದು, ನನ್ನ ಕೋಟಿನ ಕಾಲರನ್ನು ಸರಿಮಾಡಿದಳು.

'ಸಾಕು ಕಣೇ,' ಎಂದಳು. 'ಇನ್ನು ಮಾಡಲ್ಲ.'

ಮತ್ತೆ ಯಾವ ಚಿತ್ರದಲ್ಲೂ ಅವಳು ಕಾಣಿಸಿಕೊಳ್ಳಲಿಲ್ಲ. ಅಂದು ತೆಗೆದದ್ದನ್ನೂ ಜನ ನೋಡಲಿಲ್ಲ. ಚಿತ್ರ ಮುಗಿಯುವ ಮೊದಲೇ ಗಾರ್ಸ್ಟಿನ್ ತೀರಿಕೊಂಡರು, ಕಂಪನಿ ಬಾಗಿಲು ಹಾಕಿತು, ಸುರುಳಿಗಳನ್ನೆಲ್ಲ ವಾರ್ನಿಷ್ ಮಾಡುವವರು ಕೊಂಡೊಯ್ದು ಕರಗಿಸಿದರು. ಹಳೆಯ ದೀಪಸ್ತಂಭದ ಚಿತ್ರವೂ ಆ ರಾಶಿಯಲ್ಲೇ ಹೋಯಿತು. ಆ ಸುದ್ದಿ ಕೇಳಿ ನಾನು ಕೂಗಾಡಿದೆ. ಹೆಟ್ಟಿ ಮಾತ್ರ, ಹೋಗಲಿ ಬಿಡು, ಅದರಲ್ಲಿ ಅವನೇನು ಕಾಣಿಸ್ತಿದ್ದನಾ ಎಂದಳು. ನಿಜ. ಅಷ್ಟು ಚಿತ್ರ ತೆಗೆದವನು ಒಂದರಲ್ಲೂ ಇರಲಿಲ್ಲ.

ಕೆಲವು ವರ್ಷ ಕಳೆದು ಅವಳು ಆಂಬ್ರೋಸ್ ಟೈಡಿ ಎಂಬ ವಿಧುರನನ್ನು ಮದುವೆಯಾದಳು. ವರ್ದಿಂಗ್‌ನಲ್ಲಿ ಟೊಮೆಟೊ ಬೆಳೆಯುತ್ತಿದ್ದ ಮನುಷ್ಯ. ಸಿನಿಮಾ ನೋಡಿದರೆ ತಲೆ ನೋಯುತ್ತದೆ ಎನ್ನುತ್ತಿದ್ದ. ಮದುವೆಗೆ ಮೊದಲೇ ಅವಳು ಆಮೋಸನ ವಿಷಯವೆಲ್ಲ ಹೇಳಿದ್ದಳಂತೆ. ಅವನು ಸ್ವಲ್ಪ ಯೋಚಿಸಿ, ನನ್ನ ಹೆಂಡತಿಯ ನೆನಪೂ ನನಗೆ ಬರುತ್ತದೆ, ಇಬ್ಬರಿಗೂ ಮನೆಯಲ್ಲಿ ಜಾಗವಿದೆ ಎಂದನಂತೆ. ಅವರಿಬ್ಬರೂ ಚೆನ್ನಾಗಿಯೇ ಬಾಳಿದರು. ಅವಳು ದಪ್ಪಗಾದಳು, ಜೋರಾಗಿ ನಗುತ್ತಿದ್ದಳು, ಭಾನುವಾರ ನನಗೆ ಊಟಕ್ಕೆ ಹೇಳುತ್ತಿದ್ದಳು.

ಮಾತಾಡುವ ಚಿತ್ರಗಳು ಬಂದಾಗ ನಾನೂ ಹೆಟ್ಟಿಯೂ ಒಂದು ಮಧ್ಯಾಹ್ನದ ಆಟಕ್ಕೆ ಹೋದೆವು. ಕತೆ ನನಗೆ ನೆನಪಿಲ್ಲ. ಪರದೆಯ ಮೇಲಿನ ಮನುಷ್ಯ ಬಾಯಿ ತೆರೆದು ಮಾತಾಡಿದಾಗ ಜನ ಕುರ್ಚಿಯ ಅಂಚಿಗೆ ಸರಿದರು. ಹೆಟ್ಟಿ ಕೊನೆಯವರೆಗೂ ಕಣ್ಣು ಮುಚ್ಚಿ ಕೂತಿದ್ದಳು. ಅವಳ ಕಾಲ ಮುಗಿಯಿತಲ್ಲ ಎಂದು ಸಂಕಟಪಡುತ್ತಿದ್ದಾಳೆ ಅಂದುಕೊಂಡೆ.

ಹೊರಗೆ ಇನ್ನೂ ಬಿಸಿಲಿತ್ತು. ಸೇತುವೆಯವರೆಗೆ ನಡೆದ ಮೇಲೆ ಅವಳು ಕಟಕಟೆಗೆ ಒರಗಿ ನಿಂತಳು. ಕೆಳಗೆ ನೀರು ಇಳಿದು ಕೆಸರು ಕಾಣುತ್ತಿತ್ತು.

'ಅವನ ದನಿ ನೆನಪಾಗ್ತಿಲ್ಲ ಡಾರ್ಕಸ್,' ಎಂದಳು. 'ಮುಖ ಇದೆ. ಕೈ ಇದೆ. ಏನು ಹೇಳ್ದ ಅನ್ನೋದೆಲ್ಲ ಇದೆ. ದನಿ ಮಾತ್ರ ಹೋಗಿದೆ. ಅಲ್ಲಿ ಕೂತು ಹುಡುಕ್ತಾನೇ ಇದ್ದೆ, ಸಿಗಲಿಲ್ಲ.'

ನಾನು ನೆನಪಿಸಿಕೊಳ್ಳಲು ಹೋದೆ. ನಮ್ಮಪ್ಪನ ದನಿಯ ಹಾಗಿತ್ತು ಎಂದೆ. ಸ್ವಲ್ಪ ಮೂಗಿನಲ್ಲಿ, ಕೊನೆಯ ಅಕ್ಷರವನ್ನು ನುಂಗಿದ ಹಾಗೆ. ಅವನು ನನ್ನನ್ನು ಕರೆಯುತ್ತಿದ್ದ ರೀತಿಯಲ್ಲಿ ಒಮ್ಮೆ ನನ್ನ ಹೆಸರನ್ನೇ ಹೇಳಿನೋಡಿದೆ. ಹೊರಟದ್ದು ಒಬ್ಬ ಮುದುಕಿಯ ದನಿ. ಇಬ್ಬರಿಗೂ ನಗು ಬಂತು. ಆಮೇಲೆ ಆ ನಗುವೂ ನಿಂತಿತು.

'ಪರವಾಗಿಲ್ಲ, ಹೇಳ್ತಾ ಇರು,' ಎಂದಳು ಹೆಟ್ಟಿ. 'ಏನಾದ್ರೂ ಹೇಳು. ಅವನು ಚಿಕ್ಕವನಾಗಿದ್ದಾಗಿಂದ ಶುರು ಮಾಡು.'

ಅವಳು ತೋಳನ್ನು ನನ್ನ ತೋಳಿಗೆ ಕೋದಳು. ವರ್ದಿಂಗ್‌ಗೆ ಹೋಗುವ ಬಸ್ಸು ಬಂದು ನಿಂತಿತು, ನಾವು ಹತ್ತಲಿಲ್ಲ. ದಂಡೆಯ ದಾರಿ ಹಿಡಿದು ನಡೆಯುತ್ತಾ, ಅವನಿಗೆ ಮೊದಲ ಹಲ್ಲು ಬಂದ ದಿನದಿಂದ ನಾನು ಹೇಳತೊಡಗಿದೆ.