ಹನ್ನೊಂದು ಲೋಟದ ಸಂಧಾನ

ಸ್ವೀಡನ್ ನ್ಯಾಟೊ ಕೂಟವನ್ನು ಸೇರಬೇಕಾದರೆ ಟರ್ಕಿಯವರಾದ ನಾವೂ ಹೂಂ ಅನ್ನಬೇಕಿತ್ತು. ಅಂಕಾರಾದಲ್ಲಿ ನಡೆದ ಆ ಮಾತುಕತೆಗೆ ನಾನು ದುಭಾಷಿ. ಮೂರು ದಿನದಿಂದ ಒಂದೇ ಒಂದು ಕ್ರಿಯಾಪದಕ್ಕೆ ಹಗ್ಗಜಗ್ಗಾಟ. ನಾವು ಕೇಳಿದ ಆರೋಪಿಗಳನ್ನು ಸ್ವೀಡನ್ 'ಒಪ್ಪಿಸುತ್ತದೆ' ಎಂದೇ ಬರೆಯಬೇಕೆಂದು ನಮ್ಮ ಹಿರಿಯ ರಾಯಭಾರಿ ಹಲ್ದೂನ್ ಬೇ ಪಟ್ಟು ಹಿಡಿದಿದ್ದರು. ನಮ್ಮ ಮನವಿಯನ್ನು 'ಪರಿಶೀಲಿಸುತ್ತದೆ' ಎಂದರೆ ಸಾಕು ಎನ್ನುತ್ತಿದ್ದರು ಸ್ವೀಡನ್ನಿನ ಇಂಗೆಲಾ ಹೆಡ್ಲುಂಡ್.

ಇಂಗೆಲಾ ಎತ್ತರದ, ಮೆದುಮಾತಿನ ಹೆಂಗಸು. ಈ ಊರಿನಲ್ಲಿ ಕೊಟ್ಟದ್ದನ್ನು ಬೇಡ ಎನ್ನಬಾರದೆಂದು ಯಾರೋ ಅವರಿಗೆ ಹೇಳಿಕೊಟ್ಟಿದ್ದರು. ಸಾಕಾದಾಗ ಲೋಟದ ಬಾಯಿಗೆ ಚಮಚ ಅಡ್ಡ ಇಡಬೇಕೆಂಬುದನ್ನು ಮಾತ್ರ ಹೇಳಿರಲಿಲ್ಲ. ಖಾಲಿ ಲೋಟ ಕಂಡಾಗಲೆಲ್ಲ ಟೀ ಕೊಡುವ ಶಾಬಾನ್ ಮತ್ತೆ ತುಂಬಿಸುತ್ತಿದ್ದ, ಅವರು ಕುಡಿಯುತ್ತಿದ್ದರು. ಸಭೆಯಲ್ಲಿ ದುಭಾಷಿಗೆ ಸ್ವಂತ ಮಾತಿರುವುದಿಲ್ಲವಲ್ಲ, ನಾನು ಸುಮ್ಮನಿದ್ದೆ.

ಮೂರನೆಯ ದಿನ, ಇಂಗೆಲಾರ ಹನ್ನೊಂದನೆಯ ಲೋಟ ಮುಗಿದಿತ್ತು. ಹಲ್ದೂನ್ ಬೇ 'ಒಪ್ಪಿಸುವುದರ' ಮಹಿಮೆಯನ್ನು ಇಪ್ಪತ್ತು ನಿಮಿಷದಿಂದ ವರ್ಣಿಸುತ್ತಿದ್ದರು. ಮುಖ ಕೆಂಪಾಗಿದ್ದ ಇಂಗೆಲಾ ನನ್ನ ಕಿವಿಯ ಬಳಿ ಬಗ್ಗಿದರು.

"ಮುಅಲ್ಲಾ ಅವ್ರೇ, ಟಾಯ್ಲೆಟ್ ಎಲ್ಲಿ? ದಯವಿಟ್ಟು ಯಾರಿಗೂ ಹೇಳ್ಬೇಡಿ."

"ಎಡಗಡೆ, ಮೂರನೇ ಬಾಗ್ಲು."

ಹಲ್ದೂನ್ ಬೇ ಮಾತಾಡುತ್ತಿರುವಾಗಲೇ ಇಂಗೆಲಾ ಎದ್ದು ದಾಪುಗಾಲು ಹಾಕಿದರು. ಬಾಗಿಲು ಧಡ್ ಎಂದು ಮುಚ್ಚಿಕೊಂಡಿತು.

"ಏನಂದ್ರಮ್ಮ ಆಕೆ?" ಹಲ್ದೂನ್ ಬೇ ಕೇಳಿದರು.

ಇಪ್ಪತ್ತೆರಡು ವರ್ಷಗಳ ಕೆಲಸದಲ್ಲಿ ನಾನು ಮೊದಲ ಸಲ ಬೇಕೆಂದೇ ತಪ್ಪು ಅನುವಾದ ಮಾಡಿದೆ. "ಅವ್ರಿಗೆ ಸ್ವಲ್ಪ ಹೊತ್ತು ಬೇಕಂತೆ."

"ಎಷ್ಟು ಹೊತ್ತು?"

"ಅದನ್ನ ನಾನ್ಹೇಗೆ ಹೇಳ್ಲಿ?"

"ಸಭೆ ಬಿಟ್ಟೇ ಹೋದ್ರು ಅನ್ನು! ನಾನೇ ಜಾಸ್ತಿ ಎಳೆದ್ಬಿಟ್ಟೆ ಕಣಮ್ಮ." ಮಂತ್ರಿಗಳಿಗೆ ಫೋನ್ ಮಾಡಬೇಕೆಂದು ಅವರೂ ಓಡಿದರು.

ಹತ್ತು ನಿಮಿಷದಲ್ಲಿ ಇಬ್ಬರೂ ಮರಳಿದರು. ಇಂಗೆಲಾರ ಮುಖ ಅರಳಿತ್ತು. ಹಲ್ದೂನ್ ಬೇ ಕೂಡ ವಿಚಿತ್ರವಾಗಿ ಶಾಂತರಾಗಿದ್ದರು.

"'ತಡಮಾಡದೆ ಪರಿಶೀಲಿಸುತ್ತದೆ' ಅಂತ ಬರೆಯೋಣ. ಆಗ್ಬಹುದಾ, ಮೇಡಂ?"

ಇಂಗೆಲಾ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿದರು. "ಆಗ್ಬಹುದು," ಎಂದರು. ಸಂಜೆಗೆ ಸಹಿಯಾಯಿತು.

ಮರುದಿನ ಊಟಕ್ಕೆ ಕೂತಾಗ ಇಂಗೆಲಾಗೆ ತಡೆಯಲಾಗಲಿಲ್ಲ, ನಡೆದದ್ದೆಲ್ಲ ಹೇಳಿಬಿಟ್ಟರು. ನನ್ನ ಸುಳ್ಳನ್ನು ನಾನೇ ಅನುವಾದಿಸಬೇಕಾಗಿ ಬಂದು ಕಿವಿ ಬಿಸಿಯಾಯಿತು.

ಹಲ್ದೂನ್ ಬೇ ಫೋರ್ಕ್ ಕೆಳಗಿಟ್ಟರು. "ಹಾಗಾದ್ರೆ ಕೋಪ ಬಂದಿರ್ಲಿಲ್ವಾ?"

"ಇಲ್ವೇ ಇಲ್ಲ."

ಅವರು ನನ್ನ ಕಡೆ ತಿರುಗಿದರು. "ಹೇಳಮ್ಮ ಅವ್ರಿಗೆ. ನಂದು ಹದಿಮೂರನೇ ಲೋಟ ಆಗಿತ್ತು. ಅತಿಥಿ ಕುಡೀತಾ ಕೂತಿರೋವಾಗ ನಾನು ಸಾಕು ಅನ್ನೋದು ಹೇಗೆ? ಮಂತ್ರಿಗಳಿಗೆ ಫೋನ್ ಮಾಡಿದ್ದು ಆಮೇಲೆ. ಮೊದ್ಲು ಓಡಿದ್ದು ಬಲಗಡೆ ಎರಡನೇ ಬಾಗ್ಲಿಗೆ!"

ಇಂಗೆಲಾ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ನಮ್ಮ ಸಂಸತ್ತು ಅದನ್ನು ಒಪ್ಪುವಷ್ಟರಲ್ಲಿ ಇನ್ನೂ ಎರಡು ಚಳಿಗಾಲ ಕಳೆದವು. ಅವರಿಬ್ಬರೂ ಈಗಲೂ ಬೈರಂ, ಅಂದರೆ ಈದ್ ಹಬ್ಬಕ್ಕೆ ತಪ್ಪದೆ ಫೋನಿನಲ್ಲಿ ಹರಟುತ್ತಾರೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದ ಕಾರಣ, ಹಬ್ಬದ ಅಡುಗೆ ಬಿಟ್ಟು ನಾನೂ ಫೋನ್ ಹಿಡಿದು ಕೂರಬೇಕಾಗುತ್ತದೆ.