ಅಲುಗದ ಬೆರಳು

ನಮ್ಮಕ್ಕನ ಬ್ಯಾಂಡಿನಲ್ಲಿ ಎಲ್ಲರೂ ಸಿಂಹ ಎಂದು ಕರೆಯುವ ಒಬ್ಬನಿದ್ದ. ಆ ಹೆಸರು ಧೈರ್ಯಕ್ಕೆ ಬಂದದ್ದಲ್ಲ, ಕೂದಲಿಗೆ ಬಂದದ್ದು. ಭುಜದ ಮೇಲೆ ಇಳಿಬಿಟ್ಟ ಆ ಕೇಸರಕ್ಕೆ ಮಾಡುತ್ತಿದ್ದ ಆರೈಕೆಯಲ್ಲಿ ಕಾಲುಭಾಗವನ್ನು ಕೈಯಲ್ಲಿದ್ದ ಗಿಟಾರಿಗೆ ಮಾಡಿದ್ದರೂ ನಾನು ಇದನ್ನೆಲ್ಲ ಬರೆಯಬೇಕಾಗಿರಲಿಲ್ಲ. ವೇದಿಕೆಯ ನಟ್ಟನಡುವೆ, ಇದ್ದಬದ್ದ ದೀಪಗಳೆಲ್ಲದರ ಕೆಳಗೆ ಅವನು. ಹಿಂದೆ, ಡ್ರಮ್ಮಿನ ಪಕ್ಕದ ಕತ್ತಲಲ್ಲಿ, ಎರಡನೇ ಗಿಟಾರ್ ಹಿಡಿದು ಅಕ್ಕ. ಎರಡನೇ ಗಿಟಾರಿನವರು ಏನು ಮಾಡೋದು ಎಂದು ಅಮ್ಮ ಒಮ್ಮೆ ಕೇಳಿದ್ದಕ್ಕೆ, ಮೊದಲನೆಯವರಿಗೆ ಜೊತೆ ಕೊಡೋದು ಎಂದಿದ್ದಳು. ಅಮ್ಮನಿಗೆ ಇದು ಸಂಸಾರದ ಮಾತಿನಂತೆ ಕೇಳಿಸಿ ಸಮಾಧಾನವಾಗಿತ್ತು.

ಬ್ಯಾಂಡ್ ಹುಟ್ಟಿದಾಗಿನಿಂದ ಅಕ್ಕನ ಮುಖ ಒಂದು ಪೋಸ್ಟರಿನಲ್ಲೂ ಬಂದಿರಲಿಲ್ಲ. ಈಗ ಮೊದಲ ಆಲ್ಬಂ ಹೊರಡುವುದರಲ್ಲಿತ್ತು. ಅದರ ಕವರಿನ ಮೇಲೆ ಸಿಂಹನ ಜೊತೆ ಅವಳೂ ಇರುತ್ತಾಳೆ ಎಂದು ವ್ಯವಸ್ಥಾಪಕ ಮಾತು ಕೊಟ್ಟಿದ್ದ. ಈತ ಸಿಂಹನ ಅಕ್ಕನ ಗಂಡ; ಆದ್ದರಿಂದ ಬ್ಯಾಂಡಿಗೆಲ್ಲ ಭಾವ. ಅಕ್ಕ ಆ ಮಾತನ್ನು ನಂಬಿ ನೀಲಿ ಅಂಗಿಯೊಂದನ್ನು ಇಸ್ತ್ರಿ ಮಾಡಿ ಬೀರುವಿನಲ್ಲಿ ತೂಗುಹಾಕಿದ್ದಳು. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ, ಒಂದು ಕ್ಯಾಮೆರಾ ಇದ್ದ, ಬಾಯಿ ಬಿಡದ ನನ್ನನ್ನು ಫೋಟೋಗೆ ಗೊತ್ತುಮಾಡಿದರು. ನಮ್ಮನೆ ಹುಡುಗಿಯೇ ಅಲ್ಲವೇ ಎಂದ ಭಾವ. ಬಿಟ್ಟಿ ಎನ್ನುವುದಕ್ಕೆ ಅಷ್ಟು ಮರ್ಯಾದೆಯ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಒಂದೇ ಷರತ್ತು: ಫ್ಲಾಶ್ ಹಾಕುವಂತಿಲ್ಲ. ಇದು ಸಿಂಹನ ಅಪ್ಪಣೆ. ಫ್ಲಾಶ್ ಬಿದ್ದರೆ ತನ್ನ ಧ್ಯಾನ ಕೆಡುತ್ತದಂತೆ. ಕೂದಲಿನಲ್ಲಿ ಬೆವರಿನ ಜೊತೆ ಎಣ್ಣೆಯ ಮಿರುಗೂ ಕಾಣುತ್ತದೆ ಎನ್ನುವುದು ನನ್ನ ಊಹೆ.

ಅವರು ನುಡಿಸುತ್ತಿದ್ದದ್ದು ಗೋದಾಮೊಂದನ್ನು ಗುಡಿಸಿ ಮಾಡಿದ ಹಾಲ್‌ನಲ್ಲಿ. ಕೆಂಪು ದೀಪ ಬಂತೆಂದರೆ ಎಲ್ಲರ ಮುಖವೂ ಬೆಂದ ಟೊಮೇಟೊ; ಆಗ ಕ್ಯಾಮೆರಾ ಇಳಿಸಿ ಬಿಳಿ ದೀಪಕ್ಕೆ ಕಾಯಬೇಕು. ಲೆನ್ಸನ್ನು ಪೂರ್ತಿ ತೆರೆದಿಟ್ಟು, ಫೋಟೋ ಮರಳು ಮರಳಾಗಿ ಬಂದರೆ ಬರಲಿ ಎಂದುಕೊಂಡು, ಕಂಬಕ್ಕೆ ಬೆನ್ನು ಆನಿಸಿ, ಮೊಣಕೈಯನ್ನು ಪಕ್ಕೆಗೆ ಒತ್ತಿ, ಉಸಿರು ಬಿಡುತ್ತ ಗುಂಡಿ ಒತ್ತಬೇಕು. ಬೆಳಕು ಕಡಿಮೆಯಿದ್ದಾಗ ಕ್ಯಾಮೆರಾ ಕಣ್ಣು ತುಸು ಹೆಚ್ಚು ಹೊತ್ತು ತೆರೆದಿರುತ್ತದೆ. ಅಷ್ಟರೊಳಗೆ ಅಲುಗಿದ್ದು ಮಸಕಾಗುತ್ತದೆ. ಅಲುಗದ್ದು ಮಾತ್ರ ನೆಟ್ಟಗೆ ಬರುತ್ತದೆ. ಫ್ಲಾಶಿಗೆ ಆ ಭೇದವಿಲ್ಲ. ಅದರ ಮಿಂಚಿನಲ್ಲಿ ಓಡುವವರೂ ನಿಂತವರೂ ಒಂದೇ ಥರ ಕಲ್ಲಾಗುತ್ತಾರೆ.

ಅವರಿಗೆ ಹೆಸರು ತಂದದ್ದು ಒಂದು ಹಾಡು. ಅದರ ಮಧ್ಯೆ ಗಿಟಾರ್ ಒಂದೇ ಉಸಿರಿಗೆ ಓಡುವ ಭಾಗ ಬರುತ್ತದೆ. ಜನ ಕಾಯುವುದೇ ಅದಕ್ಕೆ. ಸಿಂಹ ಮಂಡಿಯೂರಿ, ಕಣ್ಣು ಮುಚ್ಚಿ, ಹಲ್ಲು ಕಿಸಿದು ತಲೆ ಕೊಡವುತ್ತಾನೆ. ಪ್ರಸವವೇದನೆಯೂ ಅಷ್ಟು ಕಷ್ಟದ್ದಿರಲಾರದು ಅನ್ನಿಸಬೇಕು, ಹಾಗೆ. ನಾನು ಅವನನ್ನೂ ತೆಗೆದೆ, ಹಿಂದಿನ ಕತ್ತಲಿನಲ್ಲಿ ಅಕ್ಕನನ್ನೂ ತೆಗೆದೆ. ಅವಳ ಮೇಲೆ ಇದ್ದ ಬೆಳಕೆಂದರೆ ಪಕ್ಕದ ಬಾಗಿಲಿನ ಸಂದಿಯಿಂದ ಬಂದದ್ದು ಅಷ್ಟೆ.

ಮರುದಿನ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದೆ. ಸಿಂಹನ ಕೂದಲು ಗಾಳಿಗೆ ಎದ್ದ ಹೊಗೆ. ಮುಖವೂ ಕದಡಿತ್ತು. ಆದರೆ ಗಿಟಾರಿನ ಕತ್ತಿನ ಮೇಲೆ ಅವನ ನಾಲ್ಕು ಬೆರಳು, ಉಂಗುರದ ಹರಳಿನವರೆಗೆ, ಉಗುರಿನ ಅಂಚಿನವರೆಗೆ, ಕಡೆದಿಟ್ಟಷ್ಟು ಸ್ಪಷ್ಟ. ಮುಂದಿನ ಫೋಟೋದಲ್ಲೂ ಅದೇ ಜಾಗ, ಅದೇ ಬೆರಳು. ಅದರ ಮುಂದಿನದರಲ್ಲೂ ಅಷ್ಟೇ. ಅಷ್ಟು ವೇಗದ ಸ್ವರಗಳು ಹೊರಡುತ್ತಿದ್ದಾಗ ಮಹಾಶಯನ ಕೈ ಮಧ್ಯಾಹ್ನದ ನಿದ್ದೆ ಮಾಡುತ್ತಿತ್ತು. ದುಡಿಯುತ್ತಿದ್ದದ್ದು ಕೂದಲು ಮಾತ್ರ.

ಅಕ್ಕನ ಫೋಟೋದಲ್ಲಿ ತಲೆ ಬಾಗಿತ್ತು, ಕೆನ್ನೆ ಸ್ಪಷ್ಟವಾಗಿತ್ತು, ಕಿವಿಯ ಹಿಂದೆ ಸಿಕ್ಕಿಸಿದ ಕೂದಲೆಳೆಯೂ ಎಣಿಸುವಂತಿತ್ತು. ಬೆರಳುಗಳೇ ಇರಲಿಲ್ಲ. ತಂತಿಗಳ ಮೇಲೆ ಬಿಳಿಯ ಆವಿಯಂಥದ್ದೇನೋ ಹಬ್ಬಿತ್ತು.

ಹಾಡಿನ ಆ ಭಾಗವನ್ನು ಅವಳು ಮನೆಯಲ್ಲಿ ಬಾಗಿಲು ಹಾಕಿಕೊಂಡು ನುಡಿಸುವುದನ್ನು ಎಷ್ಟೋ ಸಲ ಕೇಳಿದ್ದೆ. ಸಿಂಹನಿಗೇನಾದರೂ ಹುಷಾರು ತಪ್ಪಿದರೆ ಬೇಕಾಗುತ್ತದೆ ಎನ್ನುತ್ತಿದ್ದಳು. ಹಾಲ್‌ನಲ್ಲಿ ಎರಡು ಗಿಟಾರೂ ಒಂದೇ ಸ್ಪೀಕರ್ ಪೆಟ್ಟಿಗೆಯಿಂದ ಮೊಳಗುವಾಗ ಯಾರದ್ದು ಯಾವುದೆಂದು ಯಾವ ಕಿವಿಗೆ ಗೊತ್ತಾಗಬೇಕು? ಅವಳನ್ನು ಕರೆದು ಎರಡು ಫೋಟೋಗಳನ್ನೂ ಪಕ್ಕಪಕ್ಕ ಇಟ್ಟು ತೋರಿಸಿದೆ.

ತುಂಬ ಹೊತ್ತು ನೋಡಿದಳು. “ಅವರ ಗಿಟಾರ್ ಆ ಜಾಗದಲ್ಲಿ ಬಂದ್ ಮಾಡ್ತಾರೆ ಕಣೇ,” ಎಂದಳು. “ನಂಗೆ ಮುಂದೆ ನಿಂತ್ರೆ ಕೈಕಾಲು ನಡುಗುತ್ತೆ. ಅವರಿಗೆ ನಿಲ್ಲೋಕೆ ಬರುತ್ತೆ.”

“ನಿಲ್ಲೋಕೆ ಕೋಲೂ ನಿಲ್ಲುತ್ತಲ್ಲ ಅಕ್ಕ.”

“ಸುಮ್ನಿರು. ಕವರಲ್ಲಿ ಹಾಕ್ತಾರಲ್ಲ, ಆಗ ಎಲ್ಲ ಸರಿಹೋಗುತ್ತೆ.”

ನನಗೆ ಅವಳ ಮೇಲೆ ಬಂದಷ್ಟು ಸಿಟ್ಟು ಸಿಂಹನ ಮೇಲೂ ಬರಲಿಲ್ಲ.

ಫೋಟೋ ಆರಿಸುವುದಕ್ಕೆ ಮೋಟಾರ್ ರಿಪೇರಿ ಅಂಗಡಿಯ ಮೇಲಿನ ಅವರ ಅಭ್ಯಾಸದ ಕೋಣೆಗೆ ಹೋದೆವು. ಅಕ್ಕ ನೀಲಿ ಅಂಗಿ ಹಾಕಿಕೊಂಡು ಬಂದಿದ್ದಳು. ಅಲ್ಲಿ ಯಾರೂ ಫೋಟೋ ತೆಗೆಯುವುದಿರಲಿಲ್ಲ, ಆದರೂ. ನಾನು ಎಲ್ಲವನ್ನೂ ಲ್ಯಾಪ್‌ಟಾಪಿನಲ್ಲಿ ಒಂದೊಂದಾಗಿ ತೋರಿಸಿದೆ. ಅಕ್ಕನದು ಬಂದಾಗ ಭಾವ ನಾಲಿಗೆ ಲೊಚಗುಟ್ಟಿ, ಶೇಕ್ ಆಗಿದೆ ಪುಟ್ಟಿ, ತೆಗೆದುಹಾಕು ಎಂದ. ಮಂಡಿಯೂರಿದ ಸಿಂಹನ ಫೋಟೋ ಬಂದಾಗ ಭಾವನೂ ಸಿಂಹನೂ ಪರದೆಯ ಹತ್ತಿರ ಬಗ್ಗಿದರು. ಸಿಂಹ ತನ್ನ ಉಂಗುರವನ್ನು ತಾನೇ ಮೆಚ್ಚಿಕೊಂಡ. ಕತ್ತಲಲ್ಲಿ ಇಷ್ಟು ಶಾರ್ಪ್ ಆಗಿ ಹೇಗೆ ತೆಗೆದೆ ಎಂದು ನನ್ನನ್ನು ಹೊಗಳಿದ. ಗಿಟಾರ್ ಹಿಡಿದು ಹೊಟ್ಟೆ ಹೊರೆಯುವವನಿಗೆ ಆ ಫೋಟೋ ತನ್ನ ಬಗ್ಗೆ ಏನು ಹೇಳುತ್ತಿದೆ ಎಂದು ಹೊಳೆಯಲಿಲ್ಲ. ಓಡುವ ಕೈ ಹೇಗೆ ಕಾಣುತ್ತದೆ ಎಂದು ಅವನಿಗೆ ಹೇಗೆ ಗೊತ್ತಿರಬೇಕು? ಅವನ ಕೈ ಓಡಿದ್ದಾದರೂ ಯಾವಾಗ?

ಕವರಿಗೂ ಇದೇ, ಆಲ್ಬಂಗೆ ಮುಂಚಿನ ಕಾರ್ಯಕ್ರಮದ ಪೋಸ್ಟರಿಗೂ ಇದೇ ಎಂದು ಭಾವ ತೀರ್ಮಾನಿಸಿದ. ಡ್ರಮ್ಮಿನವನು ಗೋಡೆ ನೋಡುತ್ತ ಕೂತಿದ್ದ. ಮತ್ತೆ ನಾನು ಎಂದು ಅಕ್ಕ ಮೆಲ್ಲಗೆ ಕೇಳಿದಳು.

“ಕವರ್ ಅಂದ್ರೆ ಒಂದೇ ಮುಖ ಇದ್ರೆ ಚೆಂದ ಕಣಮ್ಮ,” ಎಂದ ಭಾವ. “ನಿನ್ನ ಹೆಸರು ಒಳಗಡೆ ಹಾಕ್ತೀವಲ್ಲ. ಸಹಕಾರ ಅಂತ.”

ಅಕ್ಕ ಪರದೆಯ ಮೇಲಿನ ಆ ನಾಲ್ಕು ಬೆರಳುಗಳನ್ನು ನೋಡಿದಳು. ಮುಖ ತುಸು ಬಿಗಿಯಾಯಿತು. ಆಯ್ತು, ಈ ಫೋಟೋನ ದೊಡ್ಡದಾಗಿಯೇ ಹಾಕಿಸಿ ಎಂದಷ್ಟೇ ಹೇಳಿದಳು.

ಕಾರ್ಯಕ್ರಮದ ಸಂಜೆ ಅವಳು ಮನೆಯಲ್ಲಿ ಬಟ್ಟೆ ಮಡಿಸುತ್ತ ಕೂತಳು. ಭಾವ ಫೋನ್ ಮಾಡಿದ. ಎಲ್ಲಿದ್ದೀಯಮ್ಮ ಎಂದು ಅವನು ಕೂಗುತ್ತಿದ್ದದ್ದು ನನಗೂ ಕೇಳಿಸಿತು. ಅಕ್ಕನ ದನಿ ಏರಲಿಲ್ಲ. “ನಂದು ಸಹಕಾರ ತಾನೇ ಭಾವ. ನುಡಿಸೋರು ಅಲ್ಲೇ ಇದ್ದಾರಲ್ಲ, ಇನ್ನೇನು,” ಎಂದು ಫೋನ್ ಇಟ್ಟಳು. ನನ್ನನ್ನು ಮಾತ್ರ ಕ್ಯಾಮೆರಾ ಕೊಟ್ಟು ಕಳಿಸಿದಳು.

ಸಿಂಹನ ಹಿಂದೆ ಗೋಡೆಯಷ್ಟು ದೊಡ್ಡ ಪೋಸ್ಟರ್ ತೂಗುತ್ತಿತ್ತು. ಆ ಹಾಡು ಬಂತು, ಆ ಭಾಗವೂ ಬಂತು. ಅವನು ರೂಢಿಯಂತೆ ಮಂಡಿಯೂರಿ ತಲೆ ಕೊಡವಿದ. ಪೆಟ್ಟಿಗೆಯಿಂದ ಏನೂ ಹೊರಡಲಿಲ್ಲ. ಡ್ರಮ್ಮಿನವನು ಅದೇ ತಾಳವನ್ನು ಸುತ್ತಿಸಿ ಸುತ್ತಿಸಿ ಬಾರಿಸಿದ. ಮುಖದಲ್ಲಿ ನಗು ತಡೆದದ್ದು ಕಂಬದ ಹತ್ತಿರವಿದ್ದ ನನಗೂ ಕಾಣುತ್ತಿತ್ತು. ಸಿಂಹ ಕಣ್ಣು ಬಿಟ್ಟು, ವೈರನ್ನು ಕಿತ್ತು, ಊದಿ, ಮತ್ತೆ ಸಿಕ್ಕಿಸಿ, ತಾಂತ್ರಿಕ ತೊಂದರೆ ಎಂದು ಘೋಷಿಸಿ ನಿಧಾನದ ಇನ್ನೊಂದು ಹಾಡಿಗೆ ಇಳಿದ. ಜನ ಅದಕ್ಕೂ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಒಬ್ಬಳು ಪಾಪ ಎಂದಳು. ಕೂದಲು ನೋಡಲು ಬಂದವರಿಗೆ ಕೂದಲು ಸಿಕ್ಕಿತ್ತಲ್ಲ, ನಷ್ಟವೇನು?

ಆದರೆ ಹಾಲ್‌ನ ಯಜಮಾನನಿಗೆ ಆ ಹಾಡೇ ಬೇಕಿತ್ತು. ಆ ಹಾಡಿಲ್ಲದಿದ್ದರೆ ಇನ್ನು ಮುಂದೆ ಕಾರ್ಯಕ್ರಮಕ್ಕೆ ದಿನ ಕೊಡುವುದಿಲ್ಲ ಎಂದನಂತೆ. ಮರುದಿನ ಬೆಳಿಗ್ಗೆಯೇ ಭಾವ ನಮ್ಮ ಮನೆಯ ಸೋಫಾದ ತುದಿಯಲ್ಲಿ ಕೂತಿದ್ದ. ಅಮ್ಮನನ್ನು ಎರಡೆರಡು ಸಲ ತಾಯಿ ಎಂದ. ಬ್ಯಾಂಡ್ ಅಂದರೆ ಒಂದು ಕುಟುಂಬ ಎಂದ. ಅಕ್ಕ ನಡುವೆ ಬಾಯಿ ಹಾಕದೆ ಕೇಳಿ, ತಾನು ಬರುವುದಿದ್ದರೆ ಮುಂದೆ ನಿಲ್ಲುತ್ತೇನೆ, ದೀಪ ತನ್ನ ಮೇಲೂ ಬೀಳಬೇಕು, ಕವರಿನ ಮೇಲೆ ತನ್ನ ಫೋಟೋ ಎಂದಳು. ಹೇಳುವಾಗ ಕೈಯನ್ನು ಸೊಂಟದ ಹಿಂದೆ ಇಟ್ಟುಕೊಂಡಿದ್ದಳು.

ಭಾವ ಒಪ್ಪಿದ. ಎಷ್ಟು ಬೇಗ ಒಪ್ಪಿದನೆಂದರೆ ಇಷ್ಟು ಕಾಲ ಅವಳು ಕೇಳದೇ ಇದ್ದದ್ದಕ್ಕೆ ನನಗೆ ನಾಚಿಕೆಯಾಯಿತು. ನಾನು ಅಕ್ಕನ ಆ ಫೋಟೋವನ್ನು ತೆಗೆದು ತೋರಿಸಿದೆ. ಅವನು ಕಣ್ಣು ಕಿರಿದು ಮಾಡಿ ನೋಡಿದ.

“ಮುಖ ಏನೋ ಚೆನ್ನಾಗಿದೆ. ಕೈ ಹೀಗೆ ಕಲಸಿಹೋಗಿದೆಯಲ್ಲ ಪುಟ್ಟಿ. ಅವನ ಫೋಟೋದಲ್ಲಿ ಇತ್ತಲ್ಲ, ಆ ಥರ ಬೆರಳು ನೆಟ್ಟಗೆ ಬರೋ ಹಾಗೆ ತೆಗೆಯೋಕಾಗಲ್ವಾ?”

ಹೊರಗಿನವರ ಎದುರು ನಾನು ಬಾಯಿ ಬಿಡುವವಳಲ್ಲ. ಅಮ್ಮ ಅಡುಗೆಮನೆಯಿಂದ ತಲೆ ಹೊರಹಾಕಿ ನೋಡಿದಳು.

“ಆಗುತ್ತೆ,” ಎಂದೆ. “ಅಕ್ಕ ನುಡಿಸೋದು ನಿಲ್ಲಿಸಬೇಕು, ಅಷ್ಟೆ.”