ಮುಯ್ಯಾಳಿಗೆ ಬಂದ ಶಾಸಕ

"ಏಯ್ ಆಮೊಸ್, ನೀನು ನಮ್ಕಡೆ!"

"ಹಂಗಾದ್ರೆ ಕುಂಟ ಯೋಸ್ಟ್ ನಮ್ಗಿರ್ಲಿ!"

ಸ್ನೈಡರನ ಹೊಸ ಕೊಟ್ಟಿಗೆಯ ಮರದ ಚೌಕಟ್ಟು ಎತ್ತಿ ನಿಲ್ಲಿಸುವುದಕ್ಕೆ ಸುತ್ತಲಿನ ರೈತರೆಲ್ಲ ಕೂಲಿಯಿಲ್ಲದೆ ಮುಯ್ಯಾಳಿಗೆ ಬಂದಿದ್ದರು. ಇಬ್ಬರು ನಾಯಕರು ತಮ್ಮ ತಮ್ಮ ತಂಡಕ್ಕೆ ಸರದಿಯಂತೆ ಆಳು ಆರಿಸುತ್ತಿದ್ದರು. ತಮ್ಮ ಪಾಲಿನ ತೊಲೆಗಳನ್ನು ಮೊದಲು ಕೂರಿಸಿದವರಿಗೆ ಊಟದ ಮೊದಲ ಪಂಕ್ತಿ. ಡೂಗಲ್ಡ್ ಮ್ಯಾಕ್‌ಫೀ ಅಂಗಿಯ ತೋಳು ಮಡಚಿಕೊಂಡು ಮುಂದೆಯೇ ನಿಂತಿದ್ದ. ಕೆನಡಾದ ಒಂಟಾರಿಯೊದ ಆ ಸೀಮೆಯಲ್ಲಿ ಒಂದು ಕಾಲಕ್ಕೆ ಅವನಿಲ್ಲದೆ ಯಾರ ಕೊಟ್ಟಿಗೆಯೂ ಮೇಲೇಳುತ್ತಿರಲಿಲ್ಲ. ಪ್ರಾಂತ್ಯದ ಶಾಸನಸಭೆಗೆ ಆರಿಸಿ ಹೋದ ಮೇಲೆ ಎಲ್ಲ ಕೆಟ್ಟಿತು. ಹೊಳೆಗೊಂದು ಸೇತುವೆ ಬೇಕೆಂದು ರಾಜಧಾನಿ ಟೊರಾಂಟೊದಲ್ಲಿ ಗಂಟಲು ಹರಿದುಕೊಂಡರೂ ಒಂದು ಹಲಗೆ ಬಂದಿರಲಿಲ್ಲ.

"ಸಾಕಾಗ್ಹೋಯ್ತು ಕಣೆ," ಎಂದು ಬೆಳಿಗ್ಗೆ ಹೆಂಡತಿಗೆ ಹೇಳಿದ್ದ. "ಈ ಶಾಸಕಗಿರಿ ಬಿಟ್ಟುಬಿಡ್ತೀನಿ. ಇವತ್ತು ಎಲ್ಲರ ಮುಂದೇನೇ ಹೇಳ್ತೀನಿ."

"ಮೊದ್ಲು ತೊಲೆ ಎತ್ತಿ ತೋರ್ಸಿ, ಆಮೇಲೆ ಹೇಳೀರಂತೆ," ಎಂದು ಎಫೀ ನಕ್ಕಿದ್ದಳು.

ಆರಿಸುವುದು ಮುಗಿಯಿತು. ಡೂಗಲ್ಡನನ್ನು ಯಾರೂ ಕರೆಯಲಿಲ್ಲ.

"ನಾನೇನು ಸತ್ತು ಹೋದೆನಾ?" ಅವನಿಗೆ ರೇಗಿತು.

ನಾಯಕ ಆಲ್ವಿನ್ ತಲೆ ಕೆರೆದುಕೊಂಡ. ತೊಲೆ ಹೊರುವುದನ್ನು ಅವನಿಗೆ ಕಲಿಸಿದವನೇ ಡೂಗಲ್ಡ್. "ಅಯ್ಯೋ, ಹಂಗಲ್ಲ ಸಾಹೇಬ್ರೆ. ನಿಮ್ಮ ಕೈಗೆ ಏನಾದ್ರೂ ಆದ್ರೆ ಸರ್ಕಾರಕ್ಕೆ ನಾವೇನು ಹೇಳೋದು? ನೆರಳಲ್ಲಿ ಕೂತ್ಕೊಳ್ಳಿ."

ನೆರಳಲ್ಲಿ ಮುದುಕರು ತೊಲೆ ಬಿಗಿಯುವ ಮರದ ಗೂಟ ಕೆತ್ತುತ್ತಿದ್ದರು. ಹಲ್ಲಿಲ್ಲದ ಪೀಟರಜ್ಜ ಒಂದು ಚಾಕು ಕೊಟ್ಟ. "ಬಾರಪ್ಪಾ. ಸೇತುವೆ ಅಂತೂ ಆಗ್ಲಿಲ್ಲ, ಗೂಟನಾದ್ರೂ ಮಾಡು."

ಎಲ್ಲರೂ ಗೊಳ್ಳೆಂದರು. ಡೂಗಲ್ಡನ ಮೈ ಉರಿಯಿತು. ಅಲ್ಲಿಯೂ ಸಲ್ಲಲಿಲ್ಲ, ಇಲ್ಲಿಯೂ ಸಲ್ಲಲಿಲ್ಲ. ಕೆತ್ತಿದ ಮೊದಲ ಗೂಟವೇ ಸೊಟ್ಟಗಾಯಿತು. ಅದನ್ನು ಹುಲ್ಲಿಗೆ ಎಸೆದ.

ಅತ್ತ ಆಲ್ವಿನ್ ಕೂಗು ಹಾಕಿದ. ಚೌಕಟ್ಟು ಕಿರುಗುಟ್ಟುತ್ತಾ ಎದ್ದು ನೆಟ್ಟಗೆ ನಿಂತಿತು. ತಾನು ಹೆಗಲು ಕೊಡಲಿಲ್ಲವಲ್ಲ ಎಂದು ಡೂಗಲ್ಡನಿಗೆ ಅಳುವೇ ಬಂದಂತಾಯಿತು. ಇನ್ನು ತಡೆಯಬಾರದು, ಈಗಲೇ ಹೇಳಿಬಿಡಬೇಕು: ನಾನು ನಿಮ್ಮವನೇ ಕಣ್ರೋ, ನನ್ನನ್ನೂ ಸೇರಿಸಿಕೊಳ್ಳಿ, ಎಂದು. ತೊಲೆಗಳ ರಾಶಿಯ ಮೇಲೆ ಹತ್ತಿ ನಿಂತ. ಗದ್ದಲ ಅಡಗಿತು.

"ಮಾನ್ಯ ಮತದಾರ ಬಂಧುಗಳೇ," ಎಂದಿತು ಅವನ ಬಾಯಿ.

ಬೆವರೊರೆಸಿಕೊಳ್ಳುತ್ತಿದ್ದ ಆಲ್ವಿನ್ ಮೊದಲು ಮರ್ಯಾದೆಗೆ ಟೊಪ್ಪಿ ತೆಗೆದ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ತೆಗೆದರು.